ಹೊಸದು ತರದೆ ಒಂದು ವರ್ಷ: ಕಪಾಟಿನಿಂದ ಕೌದಿಯವರೆಗೆ

ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಅರಿವೆ, ಭಾಂಡೆ, ಚಪ್ಪಲಿ, ಫೋನು, ವಿದ್ಯುತ್ ಉಪಕರಣ, ಮನೆ ಸಿಂಗಾರದ ಸಾಮಾನು ಯಾವುದನ್ನೂ ಹೊಸದಾಗಿ ತರುವುದಿಲ್ಲ. ಬಾಗಲಕೋಟೆ ನವನಗರದ ನಾಲ್ಕು ಜನರ ಮನೆಯೊಂದರಲ್ಲಿ ಇಟ್ಟುಕೊಂಡ ಕಟ್ಟಳೆ ಇಷ್ಟು. ದಿನಸಿ, ಔಷಧ, ಪಠ್ಯಪುಸ್ತಕ ಇದರೊಳಗೆ ಬರುವುದಿಲ್ಲ. ಜೀವಕ್ಕೆ ಅಪಾಯ ತರುವಂಥವೂ ಬರುವುದಿಲ್ಲ. ಕುಕ್ಕರಿನ ಸೇಫ್ಟಿ ವಾಲ್ವ್, ಅವಧಿ ಮುಗಿದ ಗ್ಯಾಸ್ ಪೈಪು, ಒಮ್ಮೆ ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ಟು, ಇವನ್ನು ಆ ವಾರವೇ ಬದಲಿಸಬೇಕು. ಇಲ್ಲಿ ರೊಕ್ಕ ಉಳಿಸಲು ನೋಡುವುದು ತಪ್ಪು. ಗ್ಯಾಸ್ ಪೈಪಿನ ಮೈಮೇಲೆಯೇ ವರ್ಷ ಅಚ್ಚಾಗಿರುತ್ತದೆ, ಐದು ವರ್ಷಕ್ಕೊಮ್ಮೆ ಬದಲಿಸಬೇಕು.

ಈ ಕಟ್ಟಳೆಯನ್ನು ಮನಸ್ಸಿನ ಗಟ್ಟಿತನದ ಮೇಲೆ ನಿಲ್ಲಿಸಲು ಹೋದರೆ ಮೂರೇ ವಾರಕ್ಕೆ ಕುಸಿಯುತ್ತದೆ. ಹೊಸದರ ಆಸೆ ಬಹುಪಾಲು ಎರಡು ಕಡೆಯಿಂದ ಹುಟ್ಟುತ್ತದೆ. ಇದ್ದದ್ದು ಕಣ್ಣಿಗೆ ಬೀಳದ ಕಡೆ ಕೂತಿರುತ್ತದೆ, ಇಲ್ಲವೆ ಸಣ್ಣದೊಂದು ಕೆಡುಕಿನಿಂದ ಬಳಕೆ ತಪ್ಪಿರುತ್ತದೆ. ಹಾಗಾಗಿ ಮೊದಲ ಕೆಲಸ ಎಣಿಕೆ.

ಎಣಿಕೆಗೆ ಒಂದು ಇಡೀ ರವಿವಾರ ಬೇಕು. ಕಪಾಟು ಕಪಾಟಾಗಿ ಎಣಿಸಿದರೆ ಲೆಕ್ಕ ಹತ್ತುವುದಿಲ್ಲ, ಯಾಕೆಂದರೆ ಒಂದೇ ಬಗೆಯ ಅರಿವೆ ನಾಲ್ಕು ಕಡೆ ಇರುತ್ತದೆ: ಕಪಾಟಿನಲ್ಲಿ, ಟ್ರಂಕಿನಲ್ಲಿ, ದಿವಾನದ ಕೆಳಗೆ, ಇಸ್ತ್ರಿಗೆ ಕೊಟ್ಟ ಗಂಟಿನಲ್ಲಿ. ಬಗೆ ಹಿಡಿದು ಎಣಿಸಬೇಕು. ಮನೆಯಲ್ಲಿರುವ ಸೀರೆಗಳೆಲ್ಲ ಒಮ್ಮೆಗೆ ಪಡಸಾಲಿಗೆ ಬರಲಿ, ಆಮೇಲೆ ಅಂಗಿಗಳೆಲ್ಲ, ಆಮೇಲೆ ಚಾದರ, ಟವೆಲ್. ಪ್ರತಿ ಬಗೆಯನ್ನೂ ನಾಲ್ಕು ಕುಪ್ಪೆ ಮಾಡಬೇಕು. ವಾರದಲ್ಲಿ ಉಡುವಂಥವು, ಹಬ್ಬ ಮದುವೆಗೆ ಇಟ್ಟವು, ದುರಸ್ತಿ ಬೇಕಾದವು, ಇನ್ನು ಉಡಲಾಗದವು.

ಮೂರನೆಯ ಕುಪ್ಪೆಯೇ ಮುಖ್ಯ. ಅದರಲ್ಲಿ ಬೀಳುವ ಅರಿವೆಗಳ ಕೆಡುಕು ನೋಡಿದರೆ ಆಶ್ಚರ್ಯವಾಗುವಷ್ಟು ಸಣ್ಣದು: ಕಿತ್ತ ಹುಕ್ಕು, ಬಿಚ್ಚಿದ ಫಾಲು, ಸಿಕ್ಕಿಕೊಳ್ಳುವ ಜಿಪ್ಪು. ಸೀರೆಗಳ ವಿಷಯದಲ್ಲಂತೂ ಸೀರೆ ಚೆನ್ನಾಗಿರುತ್ತದೆ, ಕುಪ್ಪಸ ಬಿಗಿಯಾಗಿರುತ್ತದೆ. ಕುಪ್ಪಸ ಆಗದ್ದಕ್ಕೆ ಸೀರೆ ಟ್ರಂಕು ಸೇರುತ್ತದೆ, ಅದರ ಜಾಗಕ್ಕೆ ಹೊಸ ಸೀರೆ ಬರುತ್ತದೆ. ಒಳ್ಳೆಯ ದರ್ಜಿ ಎರಡೂ ಬಗಲಿಗೆ ಒಂದರಿಂದ ಒಂದೂವರೆ ಇಂಚು ಬಟ್ಟೆ ಒಳಗೆ ಬಿಟ್ಟಿರುತ್ತಾನೆ. ಕುಪ್ಪಸ ತಿರುಗಿಸಿ ಅದನ್ನು ಅಳೆದು ನೋಡಿ. ಹಳೆಯ ಹೊಲಿಗೆ ಬಿಚ್ಚುವ ಮೊದಲೇ ಅರ್ಧ ಇಂಚು ಹೊರಗೆ ಹೊಸ ಹೊಲಿಗೆ ಹಾಕಿಕೊಂಡು, ಆಮೇಲೆ ಹಳೆಯದನ್ನು ಬಿಚ್ಚಬೇಕು. ಮೊದಲೇ ಬಿಚ್ಚಿದರೆ ತೋಳಿನ ಜೋಡಣೆ ಜಾರಿ ಗೆರೆ ತಪ್ಪುತ್ತದೆ. ಫಾಲು ಬದಲಿಸುವಾಗ ಹೊಸ ಹತ್ತಿ ಫಾಲನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಒಣಗಿಸಿಯೇ ಹೊಲಿಯಬೇಕು. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೆ ಫಾಲು ಕುಗ್ಗಿ, ಸೀರೆಯ ಅಂಚು ಸುಕ್ಕುಗಟ್ಟಿ, ಮತ್ತೆ ಅದು ಟ್ರಂಕಿಗೇ ಹೋಗುತ್ತದೆ.

ನಾಲ್ಕನೆಯ ಕುಪ್ಪೆ ಕಂಡ ಕೂಡಲೇ ಹಳೆ ಅರಿವೆಗೆ ಸ್ಟೀಲ್ ಭಾಂಡೆ ಕೊಡುವವರ ನೆನಪಾಗುತ್ತದೆ. ಆ ಕೊಡುಕೊಳ್ಳು ನಮ್ಮ ಕಡೆ ಹಳೆಯದು, ಅದರಿಂದ ಬದುಕು ನಡೆಸುವವರಿದ್ದಾರೆ, ಅದು ತಪ್ಪೇನಲ್ಲ. ಆದರೆ ಈ ವರ್ಷದ ಮಟ್ಟಿಗೆ ಅದೂ ಒಂದು ಖರೀದಿಯೇ. ಅಡುಗೆಮನೆಯ ಗೋಡೆಮಾಡದ ಮೇಲೆ ಹನ್ನೊಂದು ಡಬ್ಬಿ ಇದ್ದಲ್ಲಿ ಹನ್ನೆರಡನೆಯದು ಬಂದು ಕೂಡುತ್ತದೆ. ಹತ್ತಿಯ ಸೀರೆ, ದೋತರ, ಲುಂಗಿಗಳನ್ನು ಕೊಡದೆ ಎತ್ತಿಡಿ, ಅವುಗಳ ಕೆಲಸ ಮುಂದಿದೆ. ತಲೆಗೊಂದರಂತೆ ಒಂದು ಜೊತೆ ಹಳೆ ಅರಿವೆಯನ್ನು ಹೋಳಿಗೆ ಅಂತ ಬೇರೆ ಕಟ್ಟಿಡಿ. ಬಾಗಲಕೋಟೆಯಲ್ಲಿ ಬಣ್ಣದಾಟ ಒಂದು ದಿನಕ್ಕೆ ಮುಗಿಯುವುದಿಲ್ಲವಲ್ಲ.

ಎಣಿಕೆ ಆದ ಮೇಲೆ ವಹಿ. ನೂರು ಹಾಳೆಯ ಸಾದಾ ನೋಟ್‌ಬುಕ್ಕು ಸಾಕು. ಪ್ರತಿ ಪುಟಕ್ಕೆ ಐದು ಅಂಕಣ: ದಿನಾಂಕ, ಏನು ಬೇಕೆನಿಸಿತು, ಬೆಲೆ, ಎಲ್ಲಿ ಕಂಡಿತು, ಈಗ ಮನೆಯಲ್ಲಿ ಅದರ ಕೆಲಸವನ್ನು ಯಾವುದು ಮಾಡುತ್ತಿದೆ. ಕೊನೆಯ ಅಂಕಣವನ್ನು ಖಾಲಿ ಬಿಡುವಂತಿಲ್ಲ. ‘ಏರ್ ಫ್ರೈಯರ್’ ಎಂದು ಬರೆದವರು ಎದುರಿಗೆ ‘ಕಬ್ಬಿಣದ ಬಾಣಲಿ, ಒಲೆ’ ಎಂದು ಬರೆಯಲೇಬೇಕು. ಐದು ಸಾವಿರದೊಳಗಿನದಕ್ಕೆ 30 ದಿನ, ಅದಕ್ಕೂ ಮೇಲಿನದಕ್ಕೆ 90 ದಿನ ಕಾಯುವ ಗಡುವು. ಗಡುವು ಮುಗಿದ ದಿನ ಆ ಸಾಲನ್ನು ಓದಿ, ಬೇಡವೆನಿಸಿದರೆ ಅಡ್ಡಗೆರೆ ಎಳೆಯುವುದು. ಇನ್ನೂ ಬೇಕೆನಿಸಿದರೆ ವರ್ಷದ ಕೊನೆಯ ಪುಟಕ್ಕೆ ಸಾಗಿಸುವುದು.

ಇಲ್ಲಿ ಎರಡು ತಪ್ಪು ಆಗುತ್ತವೆ. ಬರೆದ ಮೇಲೂ ದಿನಾ ಆ ವಸ್ತುವಿನ ಬೆಲೆ ಇಳಿಯಿತೋ ಏರಿತೋ ಎಂದು ನೋಡುವುದು ಮೊದಲನೆಯದು. ಹಾಗೆ ನೋಡುತ್ತಿದ್ದರೆ 30 ದಿನ ಆಸೆ ಆರುವುದರ ಬದಲು ಕುದಿಯುತ್ತದೆ. ಬರೆದು ವಹಿ ಮುಚ್ಚಿದ ಮೇಲೆ ಮತ್ತೆ ತೆರೆಯುವುದು ಗಡುವಿಗೇ. ಎರಡನೆಯದು, ವಹಿಯನ್ನು ಫೋನಿನಲ್ಲೇ ಇಟ್ಟುಕೊಳ್ಳುವುದು. ಬರೆಯಲು ತೆರೆದ ಪರದೆಯಿಂದ ಅಂಗಡಿಗೆ ಒಂದು ಬೆರಳಿನ ದೂರ. ಕಾಗದವೇ ಇರಲಿ, ದೇವರ ಕೋಣೆಯ ಬಾಗಿಲಿಗೋ ಫ್ರಿಜ್ಜಿನ ಮೇಲೋ ಎಲ್ಲರಿಗೂ ಕಾಣುವಂತಿರಲಿ.

ಮೂರು ತಿಂಗಳು ದಾಟಿದ ಮೇಲೆ ನಾಲ್ಕನೆಯ ಅಂಕಣ ಮಾತಾಡಲು ಶುರುಮಾಡುತ್ತದೆ. ‘ಎಲ್ಲಿ ಕಂಡಿತು’ ಎಂಬಲ್ಲಿ ಒಂದೇ ಉತ್ತರ ಮತ್ತೆ ಮತ್ತೆ ಬಂದರೆ ಆ ದಾರಿಯನ್ನೇ ಮುಚ್ಚಬೇಕು. ಆ ಮನೆಯ ವಹಿಯ ಹೆಚ್ಚಿನ ಸಾಲುಗಳಲ್ಲಿ ಇದ್ದ ಉತ್ತರ, ಊಟವಾದ ಮೇಲೆ ಹಾಸಿಗೆಯಲ್ಲಿ ಹಿಡಿದ ಫೋನು.

ಫೋನಿನಲ್ಲಿ ಮಾಡಬೇಕಾದದ್ದು ಅರ್ಧ ಗಂಟೆಯ ಕೆಲಸ. ಖರೀದಿಯ ಆ್ಯಪ್‌ಗಳನ್ನು ತೆಗೆಯುವ ಮೊದಲು ಒಳಗೆ ಹೋಗಿ ಉಳಿಸಿಟ್ಟ ಕಾರ್ಡುಗಳನ್ನು ಅಳಿಸಬೇಕು. ಆ್ಯಪ್ ತೆಗೆದ ಮಾತ್ರಕ್ಕೆ ಖಾತೆಯಲ್ಲಿ ಉಳಿದ ಕಾರ್ಡು ಹೋಗುವುದಿಲ್ಲ. ಯುಪಿಐ ಆ್ಯಪ್‌ನೊಳಗೆ ಆಟೋಪೇ ಎಂಬ ಪಟ್ಟಿ ಇರುತ್ತದೆ, ಮರೆತುಹೋದ ತಿಂಗಳ ಚಂದಾಗಳು ಅಲ್ಲಿ ಸಿಗುತ್ತವೆ, ಒಂದೊಂದಾಗಿ ರದ್ದು ಮಾಡಬಹುದು. ಜಾಹೀರಾತಿನ ಕರೆ, ಸಂದೇಶ ನಿಲ್ಲಿಸಲು 1909ಕ್ಕೆ ಇಂಗ್ಲಿಷಿನಲ್ಲಿ ‘ಸ್ಟಾರ್ಟ್’ ಎಂದು ಬರೆದು, ಜಾಗ ಬಿಟ್ಟು ಸೊನ್ನೆ ಹಾಕಿ ಕಳಿಸಬೇಕು.

‘ಎರಡೇ ಉಳಿದಿವೆ’, ‘ಇನ್ನು ಹತ್ತು ನಿಮಿಷ ಮಾತ್ರ’ ಎಂದು ಗಡಿಯಾರ ಓಡಿಸುವುದು, ಕೇಳದೆಯೇ ಬುಟ್ಟಿಗೆ ವಿಮೆ ಸೇರಿಸುವುದು, ಬೇಡ ಎನ್ನುವ ಗುಂಡಿಯ ಮೇಲೆ ‘ನನಗೆ ಉಳಿತಾಯ ಬೇಡ’ ಎಂದು ಬರೆದು ನಾಚಿಸುವುದು, ಇವೆಲ್ಲ ನಮ್ಮನ್ನು ಅವಸರಕ್ಕೆ ಬೀಳಿಸಲು ಬೇಕೆಂದೇ ಕಟ್ಟಿದ ಉಪಾಯಗಳು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಕಂಡರೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ದೂರು ಕೊಡಲು ಕೂತವರಿಗೆ ಆ ವಸ್ತುವಿನ ಮೇಲಿನ ಮೋಹ ಅರ್ಧ ಅಲ್ಲೇ ಇಳಿದಿರುತ್ತದೆ ಎಂಬುದೂ ಒಂದು ಲಾಭ.

ಬಡ್ಡಿಯಿಲ್ಲದ ಕಂತು ಎಂಬುದನ್ನು ಕಾಗದದ ಮೇಲೆ ಬಿಡಿಸಿ ನೋಡಬೇಕು. 18,000 ರೂಪಾಯಿಯ ಫೋನು, ಆರು ಕಂತು, ತಿಂಗಳಿಗೆ 3,000. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 15, ಸಂಸ್ಕರಣಾ ಶುಲ್ಕ 199 ಎಂದುಕೊಳ್ಳೋಣ. ಅಂಗಡಿಯವರು ಬಡ್ಡಿಯಷ್ಟು ಮೊತ್ತವನ್ನು, ಸುಮಾರು 762 ರೂಪಾಯಿ, ಮೊದಲೇ ರಿಯಾಯಿತಿಯಾಗಿ ಕಳೆಯುತ್ತಾರೆ. ಬ್ಯಾಂಕು ಅದನ್ನೇ ಬಡ್ಡಿಯಾಗಿ ವಸೂಲು ಮಾಡುತ್ತದೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, 137 ರೂಪಾಯಿ, ನಮ್ಮ ತಲೆಗೆ. ಸಂಸ್ಕರಣಾ ಶುಲ್ಕ ಅದರ ಜಿಎಸ್‌ಟಿ ಸೇರಿ 235. ಅಲ್ಲಿಗೆ ‘ಸೊನ್ನೆ’ ಎಂದದ್ದು 372 ರೂಪಾಯಿ ಆಯಿತು. ಮೊತ್ತ ದೊಡ್ಡದಲ್ಲ ನಿಜ, ಆದರೆ ಕೈಯಲ್ಲಿ ಇಲ್ಲದ 18,000 ಖರ್ಚಾಗುವ ಬಾಗಿಲು ಇದೇ.

ಇನ್ನು ಕೆಟ್ಟು ಕೂತ ಸಾಮಾನು. ಬ್ಯಾಸಿಗಿಯಲ್ಲಿ ಹೊಸ ಫ್ಯಾನಿನ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಐದರಲ್ಲಿ ಇಟ್ಟರೂ ಫ್ಯಾನು ನಿಧಾನವಾಗಿ ತಿರುಗಿದರೆ, ಅಥವಾ ಕೋಲಿನಿಂದ ತಳ್ಳಿದರೆ ಮಾತ್ರ ಹೊರಟರೆ, ಬಹುಮಟ್ಟಿಗೆ ಹೋಗಿರುವುದು ಕೆಪಾಸಿಟರ್, ಅಂದರೆ ಮೋಟರು ತಿರುಗಲು ತಳ್ಳು ಕೊಡುವ ಸಣ್ಣ ಭಾಗ. ಹೆಚ್ಚಿನ ಸೀಲಿಂಗ್ ಫ್ಯಾನುಗಳಿಗೆ 2.5 ಮೈಕ್ರೊಫ್ಯಾರಡ್‌ನದು ಹಾಕಿರುತ್ತಾರೆ. ಹಳೆಯದರ ಮೇಲೆ ಬರೆದ ಅಂಕಿಯನ್ನೇ ನೋಡಿ ತರಬೇಕು. ಹೆಚ್ಚು ಅಂಕಿಯದು ಹಾಕಿದರೆ ಗಾಳಿ ಹೆಚ್ಚು ಬರುತ್ತದೆ ಎಂದು ಕೆಲವರು ಹೇಳುತ್ತಾರೆ, ಹಾಗೆ ಮಾಡಿದರೆ ಸುರುಳಿ ಕಾಯ್ದು ಫ್ಯಾನೇ ಸುಡುತ್ತದೆ. ಬಿಚ್ಚುವ ಮೊದಲು ಗೋಡೆಯ ಸ್ವಿಚ್ಚನ್ನು ನಂಬದೆ ಮೇನ್ ಆರಿಸಬೇಕು, ಹಳೆ ಕೆಪಾಸಿಟರಿನ ಎರಡೂ ತಂತಿಯನ್ನು ಹಿಡಿಕೆ ಭದ್ರವಿರುವ ಸ್ಕ್ರೂಡ್ರೈವರಿನಿಂದ ಒಮ್ಮೆ ಕೂಡಿಸಬೇಕು, ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಆದರೆ ಏಪ್ರಿಲ್‌ ಸಂಜೆ ಓಣಿಯ ಎಲ್ಲ ಮನೆಯಲ್ಲೂ ಫ್ಯಾನು ನಿಧಾನವಾಗಿದ್ದರೆ ಅದು ವೋಲ್ಟೇಜ್ ಇಳಿದದ್ದು, ಫ್ಯಾನನ್ನು ಮುಟ್ಟುವುದೇ ಬೇಡ. ಗರಗರ ಸದ್ದು ಬಂದರೆ ಬೇರಿಂಗು, ಅದಕ್ಕೆ ಇಳಿಸಿ ಅಂಗಡಿಗೆ ಒಯ್ಯಬೇಕು.

ಮಿಕ್ಸರು ನಮ್ಮ ಕಡೆ ಕೆಡುವುದು ಶೇಂಗಾ ಹಿಂಡಿಯಿಂದ, ಅಂದರೆ ಶೇಂಗಾ ಚಟ್ನಿಪುಡಿಯಿಂದ. ಶೇಂಗಾ ಎಣ್ಣೆ ಬಿಟ್ಟುಕೊಂಡು ಬ್ಲೇಡಿಗೆ ಅಂಟುತ್ತದೆ, ಮೋಟರು ತಿಣುಕುತ್ತದೆ, ಕಾಯ್ದು ನಿಲ್ಲುತ್ತದೆ. ಸತ್ತಿತು ಎಂದುಕೊಳ್ಳುವ ಮೊದಲು ತಿರುಗಿಸಿ ಅಡಿಯಲ್ಲಿರುವ ಸಣ್ಣ ಕೆಂಪು ಗುಂಡಿ ನೋಡಿ. ಹದಿನೈದು ನಿಮಿಷ ಆರಲು ಬಿಟ್ಟು ಅದನ್ನು ಒತ್ತಿದರೆ ಹೆಚ್ಚಿನ ಮಿಕ್ಸರು ಮತ್ತೆ ಎದ್ದುಕೂಡುತ್ತವೆ. ಮೋಟರು ತಿರುಗಿ ಜಾರು ತಿರುಗದಿದ್ದರೆ ನಡುವಿನ ರಬ್ಬರಿನ ಕಪ್ಲರು ಸವೆದಿದೆ. ಹಲವು ಮಿಕ್ಸರುಗಳಲ್ಲಿ ಅದು ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ, ಹಾಗಾಗಿ ಬಲ ಹಾಕುವ ಮೊದಲು ಎರಡೂ ಕಡೆ ಮೆಲ್ಲಗೆ ತಿರುಗಿಸಿ ನೋಡಬೇಕು. ಜಾರಿನ ಅಡಿಯಿಂದ ಕಪ್ಪು ಎಣ್ಣೆಯಂಥದ್ದು ಸೋರಿದರೆ ಬ್ಲೇಡಿನ ದಂಡವನ್ನು ಹಿಡಿದಿಡುವ ಬುಶ್ಶು ಹೋಗಿದೆ, ಜಾರು ಹೊಸದು ಬೇಕಿಲ್ಲ. ಹಿಂಡಿಯನ್ನು ನಿಲ್ಲಿಸಿ ನಿಲ್ಲಿಸಿ, ಕಾಲು ಜಾರಿಗಿಂತ ಹೆಚ್ಚು ಹಾಕದೆ ತಿರುಗಿಸಿದರೆ ಇದ್ಯಾವುದೂ ಬರುವುದಿಲ್ಲ. ಒರಳು ಇನ್ನೂ ಹಿತ್ತಲಲ್ಲಿದ್ದರೆ ಹಿಂಡಿಯ ರುಚಿಗೂ ಅದೇ ಸರಿ.

ಚಪ್ಪಲಿಗಳಲ್ಲಿ ಕಾಪಾಡಿದಷ್ಟೂ ಬಾಳುವುದು ಅಥಣಿ ಕಡೆಯ ಕೈಹೊಲಿಗೆಯದು. ಮಾರುವುದು ಕೊಲ್ಹಾಪುರಿ ಎಂಬ ಹೆಸರಿನಲ್ಲಿ. ಆ ಹೆಸರಿಗೆ ಸಿಕ್ಕ 2019ರ ಭೌಗೋಳಿಕ ಸೂಚಿಕೆಯಲ್ಲಿ (ಜಿಐ, ವಸ್ತು ಯಾವ ಊರಿನದು ಎಂಬುದರ ಅಧಿಕೃತ ಗುರುತು) ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕೂ ಜಿಲ್ಲೆಗಳಿವೆ. ಜಾಲಿಯ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ತೊಗಲು ಅದು, ನೀರು ಕುಡಿದರೆ ಉಬ್ಬಿ ಅಟ್ಟೆಯ ಪದರ ಬಿಡುತ್ತದೆ. ನೆಂದದ್ದನ್ನು ಬಿಸಿಲಿಗಿಟ್ಟರೆ ಸೀಳುತ್ತದೆ, ನೆರಳಲ್ಲೇ ಒಣಗಬೇಕು. ತಿಂಗಳಿಗೊಮ್ಮೆ ಔಡಲೆಣ್ಣೆ ನಾಲ್ಕೈದು ಹನಿ ತಿಕ್ಕಿ, ರಾತ್ರಿ ಬಿಟ್ಟು ಬೆಳಿಗ್ಗೆ ಒರೆಸಬೇಕು. ಹಿಮ್ಮಡಿಯ ಕೆಳಪದರ ಪೂರ್ತಿ ಸವೆಯುವ ಮೊದಲೇ ರಬ್ಬರು ಹಚ್ಚಿಸಬೇಕು. ಹೊಲಿಗೆಯ ದಾರ ನೆಲಕ್ಕೆ ತಾಗಿದ ಮೇಲೆ ಹೋದರೆ ಚಮ್ಮಾರನ ಕೈಯಲ್ಲೂ ಏನೂ ಇರುವುದಿಲ್ಲ.

ವರ್ಷದಲ್ಲಿ ಕಟ್ಟಳೆಗೆ ನಿಜವಾದ ಪೆಟ್ಟು ಬೀಳುವುದು ಮದುವೆಗಳಲ್ಲಿ. ಆಯೇರಿ ಮಾಡದೆ ಇರಲಾಗದು, ಖಾಲಿ ಕೈಯಲ್ಲಿ ಹೋಗುವುದು ನಮ್ಮ ರೀತಿಯಲ್ಲ. ಉಡಿ ತುಂಬಲು ಖಣ ಬೇಕೇ ಬೇಕು. ಆದರೆ ಅದೇ ರೀತಿಯಲ್ಲಿ ನಮ್ಮ ಮನೆಗೆ ಬಂದ ಆಯೇರಿಯೂ ಇದೆ. ಎಣಿಕೆಯ ದಿನ ಬಿಚ್ಚದ ಸೀರೆ, ಟವೆಲ್, ಕುಪ್ಪಸದ ಖಣಗಳನ್ನೆಲ್ಲ ಒಂದು ಟ್ರಂಕಿಗೆ ಸೇರಿಸಿ, ಪ್ರತಿಯೊಂದಕ್ಕೂ ಯಾರ ಮನೆಯಿಂದ ಬಂತು, ಯಾವ ಕಾರ್ಯ ಎಂದು ಚೀಟಿ ಕಟ್ಟಿದರೆ ವರ್ಷದ ಆಯೇರಿ ಅದರಲ್ಲೇ ಆಗುತ್ತದೆ. ಚೀಟಿ ಇಲ್ಲದಿದ್ದರೆ ಕೊಟ್ಟವರ ಸೀರೆ ಕೊಟ್ಟವರ ಮನೆಗೇ ತಿರುಗಿ ಹೋಗುತ್ತದೆ, ಅದರಷ್ಟು ಮನಸ್ಸು ನೋಯಿಸುವುದು ಬೇರೆ ಇಲ್ಲ. ಗುಳೇದಗುಡ್ಡದ ಕೈಮಗ್ಗದ ಖಣ ಬಂದಿದ್ದರೆ ಅದನ್ನು ಆಯೇರಿಗೆ ಹಾಕದೆ ಉಳಿಸಿಕೊಳ್ಳಿ. ಅಂಥ ನೇಯ್ಗೆ ಟ್ರಂಕಿನಿಂದ ಟ್ರಂಕಿಗೆ ಓಡಾಡುತ್ತ ಮುಗಿಯಬಾರದು.

ಈಗ ಎತ್ತಿಟ್ಟ ಹತ್ತಿ ಅರಿವೆಗಳ ಕೆಲಸ, ಕೌದಿ, ಅಂದರೆ ಹಳೆ ಅರಿವೆಯ ಪದರ ಕೂಡಿಸಿ ಕೈಯಿಂದ ಹೊಲಿದ ಹೊದಿಕೆ. ಹೊಲದ ಕೆಲಸ ಕಡಿಮೆಯಾದ ಬ್ಯಾಸಿಗಿಯ ಮಧ್ಯಾಹ್ನಗಳಲ್ಲಿ ಹೊಲಿಯುತ್ತ ಬಂದದ್ದು ಇದು. ಕೊಳ್ಳುವ ಕೈಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಅಳತೆ ಸೀರೆಯಲ್ಲೇ ಇದೆ. ಆರು ಗಜದ ಸೀರೆ 18 ಅಡಿ. ಮೂರು ಮಡಿಕೆ ಮಾಡಿದರೆ 6 ಅಡಿ ಉದ್ದ, ನಾಲ್ಕಡಿಗೆ ಒಂದೆರಡು ಇಂಚು ಕಡಿಮೆ ಅಗಲ. ಹದಿನಾರು ಮೊಳದ ಸೀರೆಯಾದರೆ 24 ಅಡಿ, ನಾಲ್ಕು ಮಡಿಕೆಗೆ ಅದೇ 6 ಅಡಿ. ಆರು ಗಜದ ಎರಡು ಸೀರೆಗೆ ಆರು ಪದರ, ಒಬ್ಬರಿಗೆ ಸಾಕಾಗುವ ಕೌದಿ. ಎಂಟು ಪದರ ದಾಟಬಾರದು. ಸೂಜಿ ಇಳಿಯುವುದಿಲ್ಲ ಎಂಬುದು ಒಂದು, ಶ್ರಾವಣದ ಮೋಡದಲ್ಲಿ ಒಳಪದರ ಒಣಗದೆ ಕಮಟು ವಾಸನೆ ಹಿಡಿಯುತ್ತದೆ ಎಂಬುದು ಇನ್ನೊಂದು.

ಹತ್ತಿ ಯಾವುದು ಎಂದು ಕೈಗೆ ಗೊತ್ತಾಗದಿದ್ದರೆ ಅಂಚಿನ ಒಂದು ಎಳೆ ಕಿತ್ತು ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಪಾಲಿಯೆಸ್ಟರ್ ಪದರ ಹತ್ತಿಯ ಮೇಲೆ ಜಾರುತ್ತದೆ, ಬೆವರು ಹೀರುವುದಿಲ್ಲ, ಒಂದು ತುಂಡು ಸೇರಿದರೂ ಅಲ್ಲೇ ಸುಕ್ಕು. ಆಮೇಲೆ ಬಲ ನೋಡಬೇಕು. ಎರಡು ಹೆಬ್ಬೆರಳ ನಡುವೆ ಹಿಡಿದು ಜಗ್ಗಿದಾಗ ಬಿರಿಯುವ ಅರಿವೆ ನಡುಪದರಕ್ಕೆ, ಗಟ್ಟಿ ಇರುವುದು ಮೇಲೆ ಕೆಳಗೆ. ಬಣ್ಣ ಬಿಡುತ್ತದೋ ಎಂದು ಒದ್ದೆ ಬಿಳಿ ಅರಿವೆಯಿಂದ ತಿಕ್ಕಿ ನೋಡುವುದನ್ನು ಮರೆಯಬೇಡಿ.

ಇಳಕಲ್ಲ ಸೀರೆ ಹಾಕುವುದಾದರೆ ಸೆರಗನ್ನು ಬೇರೆ ಮಾಡಬೇಕು. ಒಡಲು ಹತ್ತಿ, ಸೆರಗು ರೇಷ್ಮೆ, ಎರಡೂ ಒಂದೇ ಸಮ ಕುಗ್ಗುವುದಿಲ್ಲ. ಒಡಲಿನ ಹಾಸು (ಮಗ್ಗದ ಉದ್ದೆಳೆ), ಸೆರಗಿನ ಹಾಸು ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿರುತ್ತಾರೆ, ಹಾಗಾಗಿ ಕೂಡಿದ ಗೆರೆಯ ಮೇಲೆಯೇ ಕತ್ತರಿ ಇಟ್ಟರೆ ಕೊಂಡಿಗಳು ಬಿಚ್ಚುತ್ತ ಹೋಗುತ್ತವೆ. ಒಡಲಿನ ಕಡೆ ಒಂದು ಇಂಚು ಬಿಟ್ಟು ಕತ್ತರಿಸಿ, ಆ ಅಂಚು ಮಡಚಿ ಹೊಲಿಯಬೇಕು. ಒಂದೂ ಎಳೆ ಸಡಿಲಾಗದೆ ಸೆರಗು ಉಳಿಯುತ್ತದೆ, ದಿಂಬಿನ ಗವಸಣಿಗೆಗೋ ಕೈಚೀಲಕ್ಕೋ ಆಗುತ್ತದೆ.

ಎಲ್ಲವನ್ನೂ ಒಗೆದು ಒಣಗಿಸಿಯೇ ಕೂಡಬೇಕು. ನೆಲ ಒರೆಸಿ, ಕೆಳಸೀರೆ ಹಾಸಿ, ನಾಲ್ಕು ಮೂಲೆಗೆ ತುಂಬಿದ ತಂಬಿಗೆ ಇಟ್ಟು, ಪದರದ ಮೇಲೆ ಪದರ ಅಂಗೈಯಿಂದ ಸವರುತ್ತ ಹಾಸಬೇಕು. ಮೇಲೆ ಕುಪ್ಪಸ, ಲಂಗ, ಅಂಗಿಗಳಿಂದ ಕತ್ತರಿಸಿದ ತುಂಡುಗಳು, ಸುತ್ತ ಮೂರು ಬೆರಳಗಲ ಖಣದ ಅಂಚು. ಆಮೇಲೆ ಉದ್ದಕ್ಕೂ ಅಡ್ಡಕ್ಕೂ ಗೇಣಿಗೊಂದರಂತೆ ಕಚ್ಚಾ ಹೊಲಿಗೆ. ಕೌದಿ ಕೆಡುವುದು ಹೆಚ್ಚಾಗಿ ಈ ಹಂತವನ್ನು ಹಾರಿಸಿದ್ದಕ್ಕೆ. ನಮ್ಮ ಹೊಲಿಗೆ ಅಂಚಿನಿಂದ ಸುತ್ತುತ್ತ ಒಳಕ್ಕೆ ಹೋಗುತ್ತದೆ. ಪದರ ಹಿಡಿದಿಡದಿದ್ದರೆ ಹೆಚ್ಚಾದ ಬಟ್ಟೆ ಪ್ರತಿ ಸುತ್ತಿಗೂ ನಡುವಿಗೆ ಸರಿದು, ಕೊನೆಗೆ ಹೊಟ್ಟೆಯಂತೆ ಉಬ್ಬಿ ನಿಲ್ಲುತ್ತದೆ. ಆಗ ಬಿಚ್ಚುವುದೊಂದೇ ದಾರಿ.

ದಪ್ಪ ಹತ್ತಿ ದಾರ, ಉದ್ದ ಸೂಜಿ. ಒಮ್ಮೆಗೆ ಒಂದೂವರೆ ಮೊಳಕ್ಕಿಂತ ಹೆಚ್ಚು ದಾರ ಪೋಣಿಸಬಾರದು, ಗಂಟು ಬೀಳುತ್ತದೆ. ಸುತ್ತಿನಿಂದ ಸುತ್ತಿಗೆ ಒಂದು ಇಂಚು ಬಿಟ್ಟರೆ 4 ಅಡಿಗೆ 6 ಅಡಿಯ ಕೌದಿಗೆ ಒಟ್ಟು ಹೊಲಿಗೆ 288 ಅಡಿ, ಹೆಚ್ಚುಕಡಿಮೆ 88 ಮೀಟರ್. ಪದರಗಳ ಒಳಗೆ ಹೋಗಿಬರುವುದು, ಗಂಟು, ಉಳಿದ ತುದಿ ಸೇರಿ 110 ಮೀಟರ್ ದಾರ ತಂದರೆ ಸಾಲುತ್ತದೆ. ಪಳಗಿದ ಕೈ ಗಂಟೆಗೆ ಹತ್ತು ಹನ್ನೆರಡು ಅಡಿ ಹಾಕೀತು. ದಿನಕ್ಕೊಂದು ಗಂಟೆ ಕೂತರೆ ವಹಿಯಲ್ಲಿನ 30 ದಿನದ ಗಡುವಿಗೂ ಕೌದಿಗೂ ಸರಿಹೋಗುತ್ತದೆ. ದಾರವನ್ನು ಜಗ್ಗಿ ಬಿಗಿ ಮಾಡುವ ಚಟ ಹೊಸಬರಿಗೆಲ್ಲ ಇರುತ್ತದೆ. ಹೊಲಿಗೆ ಬಟ್ಟೆಯ ಮೇಲೆ ಮಲಗಿದಂತಿರಬೇಕು, ಬಟ್ಟೆಯನ್ನು ಹಿಂಡಿದಂತಿರಬಾರದು. ಪ್ರತಿ ನಾಲ್ಕು ಹೊಲಿಗೆಗೊಮ್ಮೆ ಉಗುರಿನಿಂದ ಸಾಲನ್ನು ನೀವಿ ಮುಂದೆ ಹೋದರೆ ಆ ಚಟ ತಪ್ಪುತ್ತದೆ.

ಕಚ್ಚಾ ಹೊಲಿಗೆಯನ್ನು ಎಲ್ಲ ಮುಗಿದ ಮೇಲೆ ಕೀಳಬೇಕು, ನಡುವೆ ಅಲ್ಲ. ಮೊದಲ ಒಗೆತ ತಣ್ಣೀರಿನಲ್ಲಿ, ಸೋಪಿನ ಪುಡಿ ಅರ್ಧ ಹಿಡಿ, ಅರ್ಧ ಗಂಟೆ ನೆನೆಸಿ ಕಾಲಿನಿಂದ ತುಳಿದರೆ ಸಾಕು. ನೆಂದ ಕೌದಿ ಒಬ್ಬರಿಗೆ ಎತ್ತಲು ಬರುವುದಿಲ್ಲ, ಹಿಂಡಲೂಬಾರದು, ಹಿಂಡಿದರೆ ಒಳಗಿನ ಮೆತ್ತನೆಯ ಪದರ ಹರಿಯುತ್ತದೆ. ಇಬ್ಬರು ಎರಡು ತುದಿ ಹಿಡಿದು ಕಟ್ಟೆಯ ಮೇಲೆ ಮಡಚಿಟ್ಟು, ನೀರು ತಾನಾಗಿ ಇಳಿಯಲು ಒಂದು ಗಂಟೆ ಬಿಟ್ಟು, ಆಮೇಲೆ ಒಂದು ಹಗ್ಗದ ಮೇಲಲ್ಲ, ಮೊಳದಂತರದ ಎರಡು ಹಗ್ಗದ ಮೇಲೆ ಹರವಬೇಕು. ಮಧ್ಯಾಹ್ನ ಮಗ್ಗಲು ಬದಲಿಸಿದರೆ ಬಾಗಲಕೋಟೆಯ ಮೇ ತಿಂಗಳ ಬಿಸಿಲಿಗೆ ಹೊತ್ತು ಮುಳುಗುವಷ್ಟರಲ್ಲಿ ಒಳಗೂ ಒಣಗಿರುತ್ತದೆ.